ಸೀಳುಕಲ್ಲಿಗೆ ಸುಣ್ಣ ಬಳಿಯುವ ಮುಂಚೆ

ಸೀಳುಕಲ್ಲು ಬೆಟ್ಟದ ಬುಡ,
೨೧೩೮ನೇ ಇಸವಿ, ಆಶ್ವಯುಜ ಮಾಸ

ಈ ಬೆಟ್ಟದ ಬುಡದಲ್ಲಿ ನೂರಹತ್ತು ವರ್ಷದ ಹಿಂದೆ ಇರುವವರಿಗೆ,

ಅಲ್ಲ, ನಿಮಗೆ ಕತ್ತು ಇಲ್ಲವೇ? ನೆತ್ತಿಯ ಮೇಲೆ ಇನ್ನೂ ನಾಲ್ಕಾರು ರಣಹದ್ದು ಸುತ್ತುತ್ತಿವೆ, ಒಬ್ಬರಾದರೂ ತಲೆ ಎತ್ತಿ, ಅವು ಯಾವ ಬಂಡೆಗೆ ಇಳಿಯುತ್ತವೆ ಎಂದು ಬರೆದಿಡಬಾರದೇ? ಲೆಕ್ಕಕ್ಕೆ ನೀವು ನನಗೆ ಮುತ್ತಜ್ಜ ಮುತ್ತಜ್ಜಿಯರು. ಆದರೂ ಬೈಯುತ್ತೇನೆ. ನಾನು ಹೊಂಬಾಳಮ್ಮ, ನಾಲ್ಕನೇ ಕ್ಲಾಸಿನವರೆಗೆ ಓದಿದವಳು. ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಈ ಕಾಗದ ಹಿಂದಂಚೆಯಲ್ಲಿ ಬರುತ್ತಿದೆ, ಅಂದರೆ ಕಳೆದ ಕಾಲಕ್ಕೆ ಹೋಗಿ, ಉತ್ತರ ಹೊತ್ತು ವಾಪಸು ಬರುವ ಟಪಾಲಿನಲ್ಲಿ.

ನಾನು ರಣಹದ್ದು ಸಾಕುವವಳು. ದನಕ್ಕೆ ಚುಚ್ಚಿದ ನೋವಿನ ಔಷಧಿ, ಸತ್ತ ದನದ ಮಾಂಸದ ಮೂಲಕ ಹದ್ದುಗಳ ಹೊಟ್ಟೆ ಸೇರಿ ಅವುಗಳ ವಂಶವನ್ನೇ ತೆಗೆಯಿತು. ಅಲ್ಲಿ ಇಲ್ಲಿ ಉಳಿದವನ್ನು ದೊಡ್ಡ ಪಂಜರದಲ್ಲಿಟ್ಟು ಮರಿ ಮಾಡಿಸಿ, ಈಗ ಅರವತ್ತೆರಡಾಗಿವೆ. ವರ್ಷಕ್ಕೆ ಒಂದೇ ಮೊಟ್ಟೆ ಇಡುವ ಜಂಬದ ಜಾತಿ. ಮರಿಗೆ ಕೈಕೊಕ್ಕಿನಿಂದ ಉಣಿಸುತ್ತೇವೆ. ಹದ್ದಿನ ತಲೆಯ ಆಕಾರಕ್ಕೆ ಹೊಲಿದ ಕೈಗವಸು ಅದು. ಮರಿಗೆ ಮನುಷ್ಯರ ಮುಖ ಕಾಣಬಾರದು, ದನಿಯೂ ಕೇಳಬಾರದು. ಇಪ್ಪತ್ತು ವರ್ಷದಿಂದ ಬಾಯಿ ಮುಚ್ಚಿಕೊಂಡು ಉಣಿಸಿದ್ದೇನೆ. ನಮ್ಮ ಡಾಕ್ಟರಮ್ಮ ನಫೀಸಾ, "ಅಜ್ಜೀ, ನಿಮ್ಮ ಸೊಸೆ ನನಗೆ ಕೈ ಮುಗೀತಾಳೆ, ಹಗಲೆಲ್ಲ ಮನೆ ತಣ್ಣಗಿರುತ್ತಂತೆ" ಅನ್ನುತ್ತಾಳೆ.

ಹೋದ ವರ್ಷ ಎರಡು ಜೋಡಿ ಹೊರಗೆ ಬಿಟ್ಟೆವು. ಪಂಜರದಲ್ಲಿ ಹುಟ್ಟಿದವಕ್ಕೆ ಬೆಟ್ಟ ಏನು ಗೊತ್ತು? ಹಿಂದೆ ಗೂಡಿದ್ದ ಬಂಡೆ ಹಿಕ್ಕೆಯಿಂದ ಬೆಳ್ಳಗಿರುತ್ತಿತ್ತಂತೆ, ಅದನ್ನು ಕಂಡೇ ಹೊಸ ಹಕ್ಕಿ ಇಳಿಯುತ್ತಿತ್ತಂತೆ. ಮಳೆ ಅದನ್ನೆಲ್ಲ ತೊಳೆದಿದೆ. ಅದಕ್ಕೆ ಹಗ್ಗ ಇಳಿಬಿಡಿಸಿ, ಅಂದಾಜಿನ ಮೇಲೆ ಮೂಡಣ ಮುಖಕ್ಕೆ ಸುಣ್ಣ ಬಳಿಸಿದೆ. ಹಬ್ಬಕ್ಕೆ ಗೋಡೆ ಬಳಿದಂತೆ, ನುಣ್ಣಗೆ, ಕೆಳಗೊಂದು ಕೆಮ್ಮಣ್ಣಿನ ಪಟ್ಟಿಯನ್ನೂ ಎಳೆಸಿದೆ. ಹದ್ದುಗಳು ಒಂದು ಸುತ್ತು ಹಾಕಿ ನೋಡಿ, ವಾಪಸು ಬಂದು ಪಂಜರದ ಮೇಲೆಯೇ ಕೂತವು. "ರಂಗೋಲಿ ಒಂದು ಬಾಕಿ ಇತ್ತು ಅಜ್ಜೀ" ಅಂದಳು ನಫೀಸಾ.

ಪಟ್ಟಿ ಉಜ್ಜಿ ತೆಗೆದೆ. ಆದರೆ ಜಾಗವೇ ತಪ್ಪಾಗಿದ್ದರೆ? ಗೂಡಿನ ಕಾಲ ಹತ್ತಿರವಾಯಿತು, ಇನ್ನೂ ಆರು ಜೋಡಿ ಬಿಡಬೇಕು. ಈ ಸಲವೂ ಅವು ಬಂಡೆ ಹಿಡಿಯದಿದ್ದರೆ ಎಲ್ಲವನ್ನೂ ದೂರದ ಬೆಟ್ಟಕ್ಕೆ ಸಾಗಿಸುತ್ತಾರಂತೆ. ನನ್ನ ಕೈಯಲ್ಲಿ ಉಂಡವು ಇಲ್ಲೇ, ಕಲ್ಲಿನ ಮೇಲೆ, ಒಂದು ಮೊಟ್ಟೆ ಇಡುವುದನ್ನು ನಾನು ನೋಡಬೇಕು.

ಆದ್ದರಿಂದ ಏಳಿ, ಹೊರಗೆ ಹೋಗಿ. ಹದ್ದು ಇಳಿಯುವ ಬಂಡೆ ಯಾವ ದಿಕ್ಕಿನದು, ಬುಡದಿಂದ ಎಷ್ಟು ಆಳೆತ್ತರ, ಬಿಸಿಲು ಯಾವಾಗ ಬೀಳುತ್ತದೆ, ಮೂರನ್ನೂ ಬರೆಯಿರಿ. ಅಕ್ಷರ ಸೊಟ್ಟಗಿದ್ದರೂ ಓದಿಕೊಳ್ಳುತ್ತೇನೆ. ಮುಂದಿನ ತಿಂಗಳು ಹುಟ್ಟುವುದರೊಳಗೆ ಉತ್ತರ ನನ್ನ ಕೈ ಸೇರಬೇಕು.