ಆರಡಿ ಮೂರಿಂಚಿನ ಹುಡುಗ

ಕಾರ್ಲ್ಸ್‌ಬಾಡ್, ಜೂನ್ 2024

ಶಾಮಲಾ ಆಂಟಿ, ನಮಸ್ಕಾರ.

ಭಾನುವಾರ ನಿಮ್ಮ ಮನೆಯಲ್ಲಿ ನಾನೂ ಅಂಕಲ್ಲೂ ಜೋರಾಗಿ ವಾದ ಮಾಡಿದ್ದು ನಿಮ್ಮ ಮಗಳು ವೈಶಾಲಿಯ ಮದುವೆ ವಿಷಯಕ್ಕಲ್ಲ. ನಮ್ಮ ಲಾಸ್ ಏಂಜಲೀಸ್ ಐಸ್ ಹಾಕಿ ತಂಡ ಈ ಸಲದ ಡ್ರಾಫ್ಟ್‌ನಲ್ಲಿ ಯಾವ ಹೊಸ ಆಟಗಾರನನ್ನು ಆರಿಸಿಕೊಳ್ಳಬೇಕು ಎಂಬ ವಿಷಯಕ್ಕೆ. "ಆರಡಿ ಮೂರಿಂಚು, ಇಂಥ ಹುಡುಗ ಮತ್ತೆ ಸಿಗಲ್ಲ ಕಣೋ" ಎಂದು ಅಂಕಲ್ ಹೊಗಳಿದ್ದು ಸ್ವೀಡನ್ನಿನ ಡಿಫೆಂಡರ್ ಒಬ್ಬನನ್ನು. ಅಡುಗೆಮನೆಗೆ ಅಷ್ಟೇ ಕೇಳಿಸಿದೆ. ಅವನು ತುಂಬಾ ನಿಧಾನ ಎಂಬ ನನ್ನ ಮಾತು ಈಗಲೂ ಬದಲಾಗಿಲ್ಲ.

ಆ ಹುಡುಗನ ಜಾತಕ ಕಳಿಸಲು ಹೇಳಿದ್ದಿರಿ. ಅವನದು ನನ್ನ ಬಳಿ ಇಲ್ಲ. ನನ್ನದನ್ನು ಇದರ ಜೊತೆ ಇಟ್ಟಿದ್ದೇನೆ. ಡ್ರಾಫ್ಟ್ ಮುಗಿಯುವ ತನಕ ಅಂಕಲ್‌ಗೆ ತೋರಿಸಬೇಡಿ.

ನನ್ನ ಎತ್ತರ ಐದಡಿ ಆರಿಂಚು. ವೈಶಾಲಿಗೆ ಅಷ್ಟು ಸಾಕಂತೆ.

ಇತಿ,
ಓಂಪ್ರಕಾಶ್