ಕಪ್ಪೆ ಕೊಯ್ಯದ ಹುಡುಗಿ

ಅಂಗಡಿಯಿಂದ,
ಮಾರ್ಚ್ ೧೧, ಗಿರಾಕಿಗಳಿಲ್ಲದ ಮಧ್ಯಾಹ್ನ

ಪ್ರೀತಿಯ ದೊರೆಸಾನಿಗೆ,

ನಿನ್ನ ಮಂಡಿನೋವು ಹೇಗಿದೆ? ನೀನು ನೋಡಿಕೊಳ್ಳುವ ಅಜ್ಜಿಯನ್ನು ಒಬ್ಬಳೇ ಎತ್ತಿ ಕೂರಿಸಬೇಡ, ಆ ಮನೆಯ ಮಗನನ್ನೂ ಸಹಾಯಕ್ಕೆ ಕರೆ ಎಂದು ಹೋದ ಸಲವೇ ಬರೆದಿದ್ದೆ. ನೀನು ಕರೆದಿರುವುದಿಲ್ಲ, ನನಗೆ ಗೊತ್ತು. ನಾನು ಚೆನ್ನಾಗಿದ್ದೇನೆ. ದಿನವಿಡೀ ನಿಂತು ಕ್ಷೌರ ಮಾಡುವವನಿಗೆ ಕಾಲು ನೋಯದೆ ಇರುತ್ತದೆಯೇ, ಆದರೆ ಅದು ಹೇಳಿಕೊಳ್ಳುವಂಥ ನೋವಲ್ಲ. ಅಂಗಡಿಯ ಕನ್ನಡಿ ಮೂಲೆಯಲ್ಲಿ ಬಿರುಕು ಬಿಟ್ಟಿದೆ. ಗಿರಾಕಿಗಳು ತಮ್ಮ ಮುಖವೇ ಹಾಗಿದೆ ಎಂದುಕೊಂಡು ಸುಮ್ಮನಿದ್ದಾರೆ.

ಮಗಳ ವಿಷಯ ಬರೆಯಬೇಕು. ಅದಕ್ಕೇ ಕಾಲು, ಕನ್ನಡಿ ಎಂದು ಸುತ್ತಿ ಬಳಸಿ ಬರುತ್ತಿದ್ದೇನೆ.

ಕಳೆದ ಶನಿವಾರ ಅವಳ ಶಾಲೆಯಲ್ಲಿ ಹನ್ನೆರಡನೇ ತರಗತಿಯ ಮಕ್ಕಳಿಗೂ ಹೆತ್ತವರಿಗೂ ಒಂದು ಸಭೆ ಇತ್ತು. ಕಾಲೇಜಿಗೆ ಹೋಗುವವರಿಗೆ ಏನೇನು ಗೊತ್ತಿರಬೇಕು ಎಂದು ಹೇಳಲು ಒಂದು ಕಾಲೇಜಿನಿಂದ ಮೇಡಂ ಬಂದಿದ್ದರು. ಅಂಗಡಿಗೆ ಬೀಗ ಹಾಕಿ, ನೀನು ಹೋದ ಸಲ ಬಂದಾಗ ಇಸ್ತ್ರಿ ಮಾಡಿಟ್ಟು ಹೋಗಿದ್ದ ನೀಲಿ ಅಂಗಿ ತೊಟ್ಟು ಮೊದಲ ಸಾಲಿನಲ್ಲೇ ಕೂತೆ. ಡಿಗ್ರಿ ಬೇರೆ, ಡಿಪ್ಲೊಮಾ ಬೇರೆ ಎಂದು ನನಗೆ ಅವತ್ತೇ ತಿಳಿದದ್ದು. ಮಾನ್ಯತೆ ಇಲ್ಲದ ಕಾಲೇಜುಗಳೂ ಇರುತ್ತವಂತೆ, ಕಟ್ಟಡ ನೋಡಿ ಮರುಳಾಗಬಾರದಂತೆ. ಇಷ್ಟು ವರ್ಷ ಮೇಷ್ಟ್ರುಗಳ ತಲೆ ನನ್ನ ಕೈಯಲ್ಲೇ ಇತ್ತು, ಆದರೆ ತಲೆಯೊಳಗಿನದು ಒಂದು ಚೂರೂ ನನ್ನ ಕಡೆ ಉದುರಿಲ್ಲ. ಶಾಲೆ ಮುಗಿದರೆ ಕಾಲೇಜು, ಅಲ್ಲಿಗೆ ಹೋಗಿ ಬೇಕಾದ್ದನ್ನು ಆರಿಸಿಕೊಳ್ಳುವುದು, ಅಂಗಡಿಯಲ್ಲಿ ಬಟ್ಟೆ ಆರಿಸಿದ ಹಾಗೆ ಎಂದೇ ನಾವಿಬ್ಬರೂ ತಿಳಿದಿದ್ದೆವು. ಕೇಳೋಣವೆಂದರೆ ನಮ್ಮ ಎರಡೂ ಕಡೆಯಲ್ಲಿ ಆ ಮೆಟ್ಟಿಲು ಹತ್ತಿದವರು ಯಾರಿದ್ದರು ಹೇಳು.

ಕೊನೆಗೆ ಪ್ರಶ್ನೆ ಇದ್ದರೆ ಕೇಳಿ ಎಂದರು. ನಮ್ಮವಳು ಕೈ ಎತ್ತಿ, ಪ್ರಾಣಿಗಳ ಡಾಕ್ಟರಾಗಲು ಯಾವ ಕಾಲೇಜು ಒಳ್ಳೆಯದು ಎಂದು ಕೇಳಿದಳು. ಹಿಂದಿನಿಂದ ಯಾರೋ "ನಾಯಿ ಡಾಕ್ಟ್ರು" ಎಂದರು. ಎಲ್ಲರೂ ನಕ್ಕರು, ಅವಳೂ ನಕ್ಕಳು. ಬೀದಿನಾಯಿಗಳ ಕಾಲಿಗೆ ಪಟ್ಟಿ ಕಟ್ಟಿ ಕಟ್ಟಿ ಸಂಪಾದಿಸಿದ ಹೆಸರಲ್ಲವೇ, ಅವಳಿಗೆ ಅದು ಹೆಮ್ಮೆ. ಈಗ ಏನು ಓದುತ್ತಿದ್ದೀಯ ಎಂದು ಮೇಡಂ ಕೇಳಿದರು. ಲೆಕ್ಕಶಾಸ್ತ್ರ, ವಾಣಿಜ್ಯ ಎಂದಳು. "ಜೀವಶಾಸ್ತ್ರ ತಗೊಂಡಿಲ್ವಾ? ಅದಿಲ್ದೆ ಆ ಕೋರ್ಸಿಗೆ ಅರ್ಜೀನೇ ಹಾಕೋಕಾಗಲ್ಲಮ್ಮಾ" ಎಂದರು. ಗದರಿ ಹೇಳಿದ್ದರೆ ಕೋಪವಾದರೂ ಬರುತ್ತಿತ್ತು, ಅವರು ಮೆತ್ತಗೆ ಹೇಳಿದರು. ಇವಳು "ಸರಿ ಮೇಡಂ" ಎಂದು ಕೂತಳು.

ಕಪ್ಪೆಯ ಕಥೆ ನಿನಗೆ ನೆನಪಿರಬೇಕು. ಎರಡು ವರ್ಷದ ಹಿಂದೆ ವಿಷಯ ಆರಿಸಿಕೊಳ್ಳುವಾಗ, ಜೀವಶಾಸ್ತ್ರ ತೆಗೆದುಕೊಂಡರೆ ಕಪ್ಪೆ ಕೊಯ್ಯಬೇಕು ಎಂದು ಯಾರೋ ಹೇಳಿದ್ದಕ್ಕೆ ಊಟ ಬಿಟ್ಟು ಕೂತಿದ್ದಳಲ್ಲ. "ವಾಸಿ ಮಾಡೋದನ್ನ ಕಾಲೇಜಲ್ಲಿ ಕಲಿಸ್ತಾರೆ, ಈಗ್ಯಾಕಮ್ಮಾ ಕೊಲ್ಲೋದು" ಎಂದಿದ್ದಳು. ಮಗಳ ಮನಸ್ಸು ಬೆಣ್ಣೆ ಎಂದು ನೀನು ತಲೆ ಸವರಿದೆ. ನಾನು ಬಂದ ಗಿರಾಕಿಗಳಿಗೆಲ್ಲ ಹೇಳಿ ನಗಿಸಿದೆ. ಅವರಲ್ಲಿ ಮೇಷ್ಟ್ರುಗಳೂ ಇದ್ದರು, ಅವರೂ ನಕ್ಕರು. ಪ್ರಾಣಿಗಳ ಮೇಲಿನ ಪ್ರೀತಿಯಿಂದಲೇ ಅವಳು ಆ ದಾರಿಯನ್ನು ಕೈಯಾರೆ ಮುಚ್ಚಿಕೊಂಡಳು, ನಾವು ಪಕ್ಕದಲ್ಲಿ ನಿಂತು ಮೆಚ್ಚಿಕೊಂಡೆವು. ಅದಾದ ಕೆಲವೇ ದಿನಕ್ಕೆ ಅವಳ ಕಾಲೇಜಿನ ಖರ್ಚಿಗೆ ದುಡಿಯಲೆಂದು ನೀನು ಆ ಊರಿಗೆ ಹೊರಟೆ.

ಸಭೆ ಮುಗಿದ ಮೇಲೆ ಗೇಟಿನ ಹತ್ತಿರ ಮೇಡಂ ಅವರನ್ನು ನಿಲ್ಲಿಸಿ, ಬೇರೆ ದಾರಿಯೇ ಇಲ್ಲವೇ ಎಂದು ಕೇಳಿದೆ. ವಿಜ್ಞಾನ ತೆಗೆದುಕೊಂಡು ಈ ಎರಡು ವರ್ಷವನ್ನು ಮೊದಲಿನಿಂದ ಓದಬೇಕು, ಓದಿದರೂ ಸೀಟು ಸಿಗುವುದು ಕಷ್ಟ ಎಂದರು. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಬರುವ ದಾರಿಯಲ್ಲಿ, ಮತ್ತೆ ಓದು, ಎರಡು ವರ್ಷ ಏನು ಮಹಾ ಎಂದೆ. ಅವಳು ನಡೆಯುತ್ತಲೇ, "ಹಾಗಾದ್ರೆ ಅಮ್ಮನೂ ಇನ್ನೆರಡು ವರ್ಷ ಜಾಸ್ತಿ ಅಲ್ಲೇ ಇರ್ಬೇಕು, ಅಲ್ವಾ?" ಎಂದಳು. ವಾಣಿಜ್ಯದಲ್ಲೇ ಮುಂದುವರಿ ಎಂದರೆ, ಬೇಡದ ಓದಿಗೆ ಅಮ್ಮನ ಮಂಡಿ ಯಾಕೆ ಸವೆಯಬೇಕು ಎನ್ನುತ್ತಾಳೆ. ದಿನವೂ ಹೇಳುತ್ತಿದ್ದೇನೆ, ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ. ಪುಸ್ತಕ ತೆರೆದಿಟ್ಟುಕೊಂಡು ಕೂರುತ್ತಾಳೆ, ಹಾಳೆ ಮಗುಚುವುದಿಲ್ಲ. ನಿನ್ನೆ ಅವಳು ಪಟ್ಟಿ ಕಟ್ಟಿದ್ದ ಕುಂಟುನಾಯಿ ಬಾಗಿಲಿಗೆ ಬಂದು ಎಷ್ಟು ಕುಂಯ್‌ಗುಟ್ಟಿದರೂ ಏಳಲಿಲ್ಲ. ಅದರ ಪಟ್ಟಿ ಬದಲಿಸಲು ನಾನೇ ಹೋದೆ, ಕಚ್ಚಲು ಬಂತು. ನನಗೆ ಭಯವಾಗಿದೆ, ಏನು ಮಾಡಬೇಕೆಂದು ತೋಚುತ್ತಿಲ್ಲ.

ಮಂಡಿಗೆ ಬಿಸಿನೀರಿನ ಶಾಖ ಕೊಡುವುದನ್ನು ಬಿಡಬೇಡ. ಅಜ್ಜಿಗೆ ನನ್ನ ನಮಸ್ಕಾರ ಹೇಳು. ನಿನಗೆ ಕಣ್ತುಂಬ ನಿದ್ದೆ ಬರಲಿ ಎಂದು ಹಾರೈಸಿ ಮುಗಿಸೋಣವೆಂದಿದ್ದೆ, ಇದನ್ನು ಓದಿದ ಮೇಲೆ ಎಲ್ಲಿಂದ ಬರಬೇಕು.

ಇಂತಿ ನಿನ್ನ
ಕತ್ತರಿ ಸಾಹೇಬ

ಮತ್ತೊಂದು: ಲಕೋಟೆ ಅಂಟಿಸುವಷ್ಟರಲ್ಲಿ ಅವಳೇ ಅಂಗಡಿಗೆ ಬಂದಳು. ಇದನ್ನೂ ಬರೆ ಎನ್ನುತ್ತಿದ್ದಾಳೆ. ಪರೀಕ್ಷೆ ಮುಗಿದ ಕೂಡಲೇ ನಿನ್ನ ಜಾಗಕ್ಕೆ ಅವಳು ಬರುತ್ತಾಳಂತೆ, ನೀನು ಮನೆಗೆ ವಾಪಸಾಗಬೇಕಂತೆ, ಆ ಮನೆಯವರನ್ನು ಕೇಳಿಡಬೇಕಂತೆ. ನಾನು ಬೈದೆ. "ಅಜ್ಜೀನ ನೋಡ್ಕೊಳ್ಳೋಕೆ ಯಾವ ಸಬ್ಜೆಕ್ಟೂ ತಗೊಂಡಿರ್ಬೇಕಾಗಿಲ್ಲ, ಅಲ್ವಾಪ್ಪಾ?" ಎಂದು ಕೇಳಿದಳು. ನಿನ್ನ ಹತ್ತಿರ ಉತ್ತರ ಇದ್ದರೆ ಬೇಗ ಬರೆ.