ಅಕ್ಕಿ ಡಬ್ಬಿಯೊಳಗಿನ ಬಾಟಲಿ

ಉಪ್ಪಲ್, ಹೈದರಾಬಾದ್
೧೩ ಅಕ್ಟೋಬರ್ ೨೦೦೮

ನನ್ನ ಪ್ರೇಮವ್ವಗೆ ಅವ್ವನ ಆಶೀರ್ವಾದ.

ನಿನ್ನ ಪತ್ರ ಬಂದು ಇಪ್ಪತ್ತು ದಿನವಾಯಿತು. ಫೋನಿನಲ್ಲಿ ಹೇಳೋಣವೆಂದರೆ ಅದು ನಿಮ್ಮಪ್ಪನ ಕುರ್ಚಿಯ ಪಕ್ಕದಲ್ಲೇ ಇದೆ. ಈಗ ಬ್ಯಾಂಕಿಗೆ ಹೋಗಿದ್ದಾರೆ, ಅಷ್ಟರಲ್ಲಿ ಬರೆದು ಮುಗಿಸಬೇಕು.

ನೀನು ನಾಸಿಕದ ವೈನ್ ಕಾರ್ಖಾನೆಗೆ ಸೇರಿದಾಗ, ಆ ಕೆಲಸ ಬಿಡುವ ತನಕ ಈ ಹೊಸ್ತಿಲು ತುಳಿಯಬೇಡ ಅಂದರು. ನಾನು ತುಟಿ ಪಿಟಕ್ಕೆನ್ನಲಿಲ್ಲ. ಎರಡು ದೀಪಾವಳಿ ನೀನಿಲ್ಲದೆ ಹೋದವು. ನೀನು ಮಾಡುವುದು ಏನೆಂದೇ ತಿಳಿಯದೆ ನಿನ್ನ ಪರ ಹೇಗೆ ಮಾತಾಡಲಿ? ಅದಕ್ಕೇ, ಏನೂ ಗೊತ್ತಿಲ್ಲದವರು ಯಾವ ವೈನಿನಿಂದ ಶುರುಮಾಡಬೇಕು, ಎಲ್ಲಿ ಕೊಳ್ಳಬೇಕು ಬರೆದು ಕಳಿಸು ಅಂದಿದ್ದು. ನೀನು ನಗದೆ ನಾಲ್ಕು ಪುಟ ಬರೆದೆ. ನಿನ್ನ ಹೊಟ್ಟೆ ತಣ್ಣಗಿರಲಿ.

ಕೊಳ್ಳುವುದೇ ದೊಡ್ಡ ಫಜೀತಿಯಾಯಿತು. ನಿನ್ನ ಪುಟ ಪೂರ್ತಿ ಓದದೆ, ಪಕ್ಕದ ಮನೆಯ ಕಮಲಾಕ್ಷಿಯನ್ನು ಕರೆದುಕೊಂಡು ಚೌರಸ್ತಾದ ವೈನ್ ಶಾಪಿಗೆ ಹೋದೆ. ಬೋರ್ಡಿನ ತುಂಬ ‘ವೈನ್ಸ್’ ಎಂದಿದೆ. ಸರಳಿನ ಹಿಂದೆ ಕೂತವನು ವೈನ್ ಲೇದಮ್ಮಾ, ಬ್ರಾಂಡಿ ಉಂದಿ ಅಂದ. ವೈನ್ ಇಲ್ಲವಂತೆ, ಬ್ರಾಂಡಿ ಇದೆಯಂತೆ! ಸಾಲಿನಲ್ಲಿದ್ದ ಗಂಡಸರೆಲ್ಲ ನಮ್ಮನ್ನು ನೋಡಿ ಸರಿದು ದಾರಿ ಬಿಟ್ಟರು. ಕಮಲಾಕ್ಷಿ ಮುಖಕ್ಕೆಳೆದ ಸೆರಗನ್ನು ಆಟೋ ಹತ್ತುವ ತನಕ ತೆಗೆಯಲಿಲ್ಲ.

ಕೊನೆಗೆ ನೀನು ಬರೆದಿದ್ದ ಮಾದಾಪುರದ ದೊಡ್ಡ ಅಂಗಡಿಗೇ ಹೋದೆವು. ಅಲ್ಲಿ ಬುಟ್ಟಿ ಹಿಡಿದು ತರಕಾರಿಯಂತೆ ಆರಿಸಬಹುದು. ಸಿಹಿ ಬೇಕೋ, ಒಗರು ನಡೆಯುತ್ತದೋ ಎಂದು ಅಲ್ಲಿನಾಕೆ ಮರ್ಯಾದೆಯಿಂದ ಕೇಳಿದಳು. ಮೂರು ಬಾಟಲಿ ತಂದೆವು.

ಮಧ್ಯಾಹ್ನ ಕಮಲಾಕ್ಷಿಯ ಅಡುಗೆಮನೆಯಲ್ಲಿ ಸ್ಟೀಲ್ ಲೋಟ ಇಟ್ಟುಕೊಂಡು ಕೂತೆವು. ಎದೆಯ ಮೇಲಿನ ಲಿಂಗಕ್ಕೆ ಮೊದಲೇ ತಪ್ಪೊಪ್ಪಿಕೊಂಡೆ. ಕೆಂಪಗಿನದನ್ನು ಹರಳೆಣ್ಣೆ ಕುಡಿದಂತೆ ಮೂಗು ಹಿಡಿದು ಗಟಗಟ ನುಂಗಿಬಿಟ್ಟೆ. ನಾಲಿಗೆಯೆಲ್ಲ ನೇರಳೆ ಹಣ್ಣು ತಿಂದಂತೆ ಒಗರು. ಕಮಲಾಕ್ಷಿ ತನ್ನದಕ್ಕೆ ಸಕ್ಕರೆ, ಏಲಕ್ಕಿ ಹಾಕಿ ಇನ್ನಷ್ಟು ಕೆಡಿಸಿದಳು. ಸಿಹಿಯದು ಅವಳಿಗೆ ಹಿಡಿಸಿತು, ನನಗೆ ಬರೀ ಪಾನಕ ಅನ್ನಿಸಿತು.

ಮೂರನೆಯದು ನಿಮ್ಮ ಕಾರ್ಖಾನೆಯ ಬಿಳಿ ವೈನ್. ತಣ್ಣಗೆ ಮಾಡಿ, ನೀನು ಹೇಳಿದಂತೆ ಗುಟುಕನ್ನು ಬಾಯಲ್ಲೇ ಹಿಡಿದೆ. ಮೊದಲು ಪೇರಲದ ವಾಸನೆ, ಆಮೇಲೆ ನಿಂಬೆಯ ಹುಳಿ. ಸೇರಿತು, ಪ್ರೇಮಾ. ನಿನಗೆ ಯಾವುದು ಸೇರುತ್ತದೋ ಅದೇ ನಿನಗೆ ಸರಿಯಾದ ವೈನ್ ಅಂತ ಬರೆದಿದ್ದೆಯಲ್ಲ, ಐವತ್ತಾರು ವರ್ಷದಲ್ಲಿ ನನಗೆ ಹಾಗೆ ಹೇಳಿದವರು ಯಾರೂ ಇಲ್ಲ. ಅಳು ಬಂತು. ತಲೆಗೇರಿತೆಂದು ಕಮಲಾಕ್ಷಿ ಮಜ್ಜಿಗೆ ಕುಡಿಸಿದಳು.

ಉಳಿದದ್ದನ್ನು ಫ್ರಿಜ್ಜಿನಲ್ಲಿಡು ಎಂದು ನೀನು ಬರೆದಿದ್ದೆ. ಆದರೆ ನಿಮ್ಮಪ್ಪ ಗೊತ್ತಲ್ಲ, ಡಿಫೆನ್ಸ್ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಮಾಲು ತಪಾಸಣೆ ಮಾಡಿದವರು. ಈಗ ಫ್ರಿಜ್ಜಿನಲ್ಲಿರುವುದನ್ನೆಲ್ಲ ತಪಾಸಣೆ ಮಾಡಿ, ಉಪ್ಪಿನಕಾಯಿ ಭರಣಿಗೂ ‘ಪಾಸ್’ ಎಂದು ಚೀಟಿ ಕಟ್ಟುತ್ತಾರೆ. ಅದಕ್ಕೇ ಆ ಬಿಳಿ ವೈನಿನ ಬಾಟಲಿಯನ್ನು ಮನೆಗೆ ತಂದು ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟೆ. ಮೊನ್ನೆ ಇನ್ನೊಂದು ಗುಟುಕು ಕುಡಿದೆ, ಸುಳ್ಳೇಕೆ ಹೇಳಲಿ.

ದಿನಾ ಸಂಜೆ ಹೇಳಿಬಿಡಬೇಕೆಂದುಕೊಳ್ಳುತ್ತೇನೆ. ಅವರು ಅಂಗೈಯಲ್ಲಿ ಲಿಂಗ ಹಿಡಿದು ಕೂತದ್ದು ಕಂಡರೆ ಅಡುಗೆಮನೆಗೆ ಹಿಂದಿರುಗುತ್ತೇನೆ. ಈ ದೀಪಾವಳಿಗೂ ಬಾ ಅನ್ನುವ ಧೈರ್ಯ ನನಗಿಲ್ಲ, ಕ್ಷಮಿಸು. ಆದರೆ ನಿನ್ನ ಕೆಲಸ ಈಗ ನನಗೆ ಗೊತ್ತು. ಅದನ್ನು ತೋರಿಸಿಕೊಟ್ಟ ನಿನ್ನ ಉಪಕಾರ ಎಷ್ಟು ಹೇಳಿದರೂ ಕಡಿಮೆಯೇ.

ನಿನ್ನ ಹೇಡಿ ಅವ್ವ,
ಸುಭದ್ರಾ

ತಾ.ಕ.: ಪತ್ರ ಮಡಚಿಟ್ಟು ಅನ್ನಕ್ಕಿಡಲು ಡಬ್ಬಿಗೆ ಕೈ ಹಾಕಿದೆ. ಬಾಟಲಿಯ ಕುತ್ತಿಗೆಗೆ ದಾರದಲ್ಲಿ ಕಟ್ಟಿದ್ದ ಚೀಟಿಯೊಂದು ಸಿಕ್ಕಿತು. ಅದನ್ನೇ ಬಿಚ್ಚಿ ಇದರೊಳಗೆ ಇಟ್ಟಿದ್ದೇನೆ. ನಿಮ್ಮಪ್ಪನ ಅಕ್ಷರ ನಿನಗೆ ಗುರುತಿದೆ: “ಬಣ್ಣ: ತಿಳಿ. ವಾಸನೆ: ಶುದ್ಧ. ಗಸಿ: ಇಲ್ಲ. ರುಚಿ: ನಾನು ನೋಡಿಲ್ಲ, ಮಟ್ಟ ಮತ್ತೆ ಇಳಿದಿದೆ, ಮನೆಯವಳು ಎರಡನೇ ಸಲ ಕುಡಿದಿರುವುದರಿಂದ ಒಪ್ಪಿದೆ. ಪಾಸ್. ತಯಾರಿಸಿದವರು ದೀಪಾವಳಿಗೆ ಖುದ್ದಾಗಿ ಹಾಜರಾಗತಕ್ಕದ್ದು. ಸಹಿ, ಬಸವಲಿಂಗಪ್ಪ.”